ಓಖ್ಲಾದ ಸೀಖ್ ಕಬಾಬು

ದಪ್ಪನೆಯ ದನದ ಮಾಂಸದ ತುಂಡನ್ನು ಸುಟ್ಟು ಬಡಿಸುವ 'ಸ್ಟೇಕ್' ಹೋಟೆಲುಗಳ ಸರಪಳಿಯು ಅಮೆರಿಕದ ಪ್ರಯಾಣಿಕನಿಗೆ ಊರೂರಿಗೂ ಒಂದೇ ರುಚಿಯ ಭರವಸೆ ಕೊಡುತ್ತದೆ. ದೆಹಲಿಗೆ ಬಂದವರಿಗೆ ಅಂಥ ಭರವಸೆಯನ್ನು 1913ರಲ್ಲಿ ಜಾಮಾ ಮಸೀದಿಯ ಬಳಿ ಆರಂಭವಾಗಿ, ಮುಂದೆ ಹಲವು ಶಾಖೆಗಳಾಗಿ ಹರಡಿದ ಕರೀಮ್ಸ್ ಹೋಟೆಲು ಕೊಡುತ್ತದೆಯಾದರೂ, ಕೆಂಡದ ಮೇಲಿನ ಮಾಂಸದ ಕಲೆಯನ್ನು ಹತ್ತಿರದಿಂದ ನೋಡಬೇಕೆನ್ನುವವರು ಅದೇ ದೆಹಲಿಯ ಓಖ್ಲಾದ ಜಾಕಿರ್ ನಗರ, ಬಟ್ಲಾ ಹೌಸ್ ಬೀದಿಗಳಿಗೇ ಹೋಗಬೇಕು.

ಗೋಹತ್ಯೆಯನ್ನು ನಿಷೇಧಿಸುವ ದೆಹಲಿಯ 1994ರ ಕಾಯ್ದೆ ಎಮ್ಮೆ-ಕೋಣಗಳಿಗೆ ಅನ್ವಯಿಸದ ಕಾರಣ, ಇಲ್ಲಿ 'ಬಡೇ ಕಾ' ಎಂದು ಕರೆಯುವುದು ಎಮ್ಮೆ-ಕೋಣದ ಮಾಂಸವನ್ನು. ಈ ಮಾಂಸ ಗಡುಸು; ಆದ್ದರಿಂದ ಅದನ್ನು ಕೊಬ್ಬಿನೊಡನೆ ನುಣ್ಣಗೆ ಕೊಚ್ಚಿ 'ಕೀಮಾ' ಮಾಡಿ, ನಾರನ್ನು ಮೆತ್ತಗಾಗಿಸುವ ಪಪೈನ್ ಎಂಬ ಕಿಣ್ವವುಳ್ಳ ಹಸಿ ಪರಂಗಿಕಾಯಿಯ ಅರಪನ್ನು ಬೆರೆಸಿ, ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಗಳೊಡನೆ ನಾದುತ್ತಾರೆ. ಕುಶಲತೆಯೆಲ್ಲ ಮುಂದಿನ ಗಳಿಗೆಯಲ್ಲಿದೆ: ಬಾಣಸಿಗನು ಕೈಯನ್ನು ನೀರಿನಲ್ಲಿ ಅದ್ದಿ, ಒಂದು ಹಿಡಿ ಕೀಮಾವನ್ನು ಸೀಖ್ ಎಂಬ ಕಬ್ಬಿಣದ ಸಲಾಕೆಗೆ ಒತ್ತಿ, ಬೆರಳುಗಳಿಂದ ಸವರುತ್ತ ತೆಳುವಾಗಿ ಎಳೆಯುತ್ತಾನೆ; ಹೆಚ್ಚು ದಪ್ಪವಾದರೆ ಒಳಗೆ ಹಸಿ ಉಳಿಯುತ್ತದೆ, ಸರಿಯಾಗಿ ಒತ್ತದಿದ್ದರೆ ಕೆಂಡಕ್ಕೆ ಕಳಚಿ ಬೀಳುತ್ತದೆ. ಕರಗಿದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆಯೇ, ಯಾವ ಮಸಾಲೆಯೂ ಕೊಡಲಾಗದ ಪರಿಮಳವನ್ನು ಕಬಾಬಿಗೆ ಹತ್ತಿಸುತ್ತದೆ.

ಬೆಲೆಯಲ್ಲಂತೂ ಸ್ಟೇಕಿಗೂ ಈ ಅಗ್ಗದ ಕಬಾಬಿಗೂ ಹೋಲಿಕೆಯೇ ಇಲ್ಲ. ಆದರೆ ಆರಿದಂತೆ ಕೊಬ್ಬು ಗಟ್ಟಿಯಾಗುವುದರಿಂದ, ಇದನ್ನು ಕಟ್ಟಿಸಿಕೊಂಡು ಹೋಗುವುದಕ್ಕಿಂತ ಈರುಳ್ಳಿ, ಹಸಿರು ಚಟ್ನಿಯೊಡನೆ ಅಲ್ಲಿಯೇ ನಿಂತು ತಿನ್ನುವುದು ಲೇಸು.