ನಂಜುಂಡಪ್ಪನವರ ಲೆಕ್ಕದಲ್ಲಿ ಹೊಳೆ ಎಲ್ಲಿದೆ?

ಡಾ. ಡಿ.ಎಂ. ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದವರು. 2002ರಲ್ಲಿ ಅವರ ಸಮಿತಿ ಕೊಟ್ಟ ಪ್ರಾದೇಶಿಕ ಅಸಮತೋಲನದ ವರದಿಯನ್ನು ನಾವು ಹಗುರವಾಗಿ ಕಾಣುವವರಲ್ಲ. 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ ಎಂದು ಸರ್ಕಾರದ ಮುಖಕ್ಕೇ ಹೇಳಿದ ವರದಿ ಅದು. ಉತ್ತರ ಕರ್ನಾಟಕದವರ ಕೈಗೆ ಅದೊಂದು ಬಡಿಗೆ ಕೊಟ್ಟದ್ದು ಸುಳ್ಳಲ್ಲ.

ಆದರೆ ಅದನ್ನು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಹೊಳೆ ದಂಡೆಯಲ್ಲಿ ಕೂತು ಓದಬೇಕು.

ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಿರ್ಲಾ ಒಡೆತನದ ಹರಿಹರ ಪಾಲಿಫೈಬರ್ಸ್ ಬಂತು. ನೀಲಗಿರಿ ಕಟ್ಟಿಗೆಯನ್ನು ಚೂರು ಮಾಡಿ, ಬೇಯಿಸಿ, ರೇಯಾನಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ತುಂಗಭದ್ರೆಯಿಂದ ನೀರೆತ್ತಿತು, ಹೊಲಸನ್ನು ತುಂಗಭದ್ರೆಗೇ ಬಿಟ್ಟಿತು. ಕೆಳಗಿನ ಊರುಗಳಲ್ಲಿ ಮೀನು ಸತ್ತವು. ಜನ, ದನ ಅದೇ ನೀರಿಗಿಳಿದರು. ಎಂಬತ್ತರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ಎದ್ದು ನಿಂತಿತು.

ಈಗ ಲೆಕ್ಕ ನೋಡಿ. ಕೈಗಾರಿಕಾ ಘಟಕವೆಷ್ಟು, ಕೈಗಾರಿಕಾ ಕೆಲಸಗಾರರೆಷ್ಟು ಎಂಬುದು ಸೂಚಕ. ಚಿಮಣಿ ಎದ್ದರೆ ತಾಲ್ಲೂಕಿನ ಅಂಕ ಏರ್ತದೆ. ಹೊಳೆ ಕೆಟ್ಟರೆ? ಒಂದು ಅಂಕವೂ ಇಳಿಯಂಗಿಲ್ಲ! ಆರೋಗ್ಯಕ್ಕೆ ಎಣಿಸಿದ್ದು ಹತ್ತು ಸಾವಿರ ಜನಕ್ಕೆ ಡಾಕ್ಟರೆಷ್ಟು, ಸರ್ಕಾರಿ ಆಸ್ಪತ್ರೆಯ ಹಾಸಿಗೆಯೆಷ್ಟು ಎಂದು. ಹಾಸಿಗೆಯ ಮೇಲೆ ಮಲಗಿದವನು ಯಾರು, ಯಾವ ನೀರು ಕುಡಿದು ಬಂದ, ಎಷ್ಟು ದಿನದ ಕೂಲಿ ತಪ್ಪಿತು ಅಂತ ಕೇಳಲಿಲ್ಲ. ಪರಿಶಿಷ್ಟರ ಜನಸಂಖ್ಯೆಯ ಪ್ರಮಾಣವೂ ಒಂದು ಸೂಚಕವೇ. ಅಂದರೆ ನಾವು ಇರುವುದೇ ತಾಲ್ಲೂಕು ಹಿಂದುಳಿದದ್ದಕ್ಕೆ ಗುರುತು. ನಮ್ಮ ಕೇರಿಗೆ ಏನು ಬಂತು ಎಂಬುದು ಮಾತ್ರ ಸರಾಸರಿಯಲ್ಲಿ ಮುಳುಗಿಹೋಯಿತು.

ಗೋಮಾಳದ್ದೂ ಇದೇ ಕತೆ. 1984ರಲ್ಲಿ ಸರ್ಕಾರವೂ ಇದೇ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಜಮೀನಿಗೆ ನೀಲಗಿರಿ ಹಚ್ಚಲು ಹೊರಟವು. ಹೊಲವಿಲ್ಲದವಳ ಮೇಕೆ, ಒಲೆಯ ಪುಳ್ಳೆ ಎಲ್ಲಾ ಆ ನೆಲದ್ದೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಅದು. 1991ರಲ್ಲಿ ಕಂಪನಿ ಮುಚ್ಚಿತು. ಅಂಥ ನೆಲ ಹೋದರೆ ಒಂದು ಗುಡಿಸಲಿಗೆ ಎಷ್ಟು ನಷ್ಟ ಎಂದು ಆ ಜನಕ್ಕೆ ಗೊತ್ತಿತ್ತು. ಹನ್ನೊಂದು ವರ್ಷದ ನಂತರ ಬಂದ 35 ಸೂಚಕಗಳಿಗೆ ಗೊತ್ತಿರಲಿಲ್ಲ.

2024ರಲ್ಲಿ ಸರ್ಕಾರ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಿಸಿತು. ಅದರ ಮುಂದೂ ನಾವು ಇದನ್ನೇ ಇಡುತ್ತೇವೆ: ತಾಲ್ಲೂಕಿನ ಸರಾಸರಿ ಒಡೆದು ಕೇರಿವಾರು ಲೆಕ್ಕ ಕೊಡಿ. ಹೊಳೆಗೊಂದು ಕಾಲಂ ಹಾಕಿ.