ಎರಡು ರಿಲೇ, ಒಂದು ಪರದೆ

ಅಮ್ಮನಿಗೆ ಮಂಡಿನೋವು. ಬೆಳಗಿನ ಬಿಸಿಲು ಮುಖಕ್ಕೆ ಹೊಡೆದಾಗ ಎದ್ದು ಹೋಗಿ ಕಿಟಕಿಯ ಪರದೆ ಎಳೆಯುವುದು ಅವಳ ಕೈಲಾಗದು. ಪರದೆ ಎಳೆಯುವ ಯಂತ್ರ ಸಿದ್ಧವಾಗಿಯೇ ಸಿಗುತ್ತದೆ, ನಿಜ. ಆದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಲು ನೆಪ ಸಿಕ್ಕರೆ ಬಿಡುವ ಪೈಕಿಯಲ್ಲ ನಾನು. 12 ವೋಲ್ಟಿನ ಗೇರ್ ಮೋಟಾರು, ಎರಡು ರಿಲೇ ಇರುವ 433 ಮೆಗಾಹರ್ಟ್ಸ್ ರಿಸೀವರ್ ಬೋರ್ಡು, ಅದರ ಜೊತೆಗಾರ ರಿಮೋಟು, ಎರಡು ಲಿಮಿಟ್ ಸ್ವಿಚ್ಚು ಚೀಲಕ್ಕೆ ಹಾಕಿಕೊಂಡು ಬಂದೆ.

ಹೊಸಬರಿಗೆ ರಿಮೋಟಿನ ಮೇಲೇ ಮೋಹ. ಅಸಲಿಗೆ ರಿಮೋಟು ಕೂಗಿ ಹೇಳುತ್ತದೆ ಅಷ್ಟೆ, ದುಡಿಯುವುದು ಬೇರೆಯವರು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದಾಗಲೂ ಬ್ಯಾಟರಿ, ಮೋಟಾರು ಎರಡೂ ದೋಣಿಯ ಹೊಟ್ಟೆಯಲ್ಲೇ ಇದ್ದವು. ಗಾಳಿಯಲ್ಲಿ ಬಂದದ್ದು ಅಪ್ಪಣೆ ಮಾತ್ರ. ನಮ್ಮ ಬೋರ್ಡಿನಲ್ಲಿ ಆ ಅಪ್ಪಣೆ ಕೇಳಿ ಟಕ್ ಎನ್ನುವುದು ನೀಲಿ ಡಬ್ಬಿಯಂಥ ರಿಲೇ. ಈ ಕೆಲಸದ ಸೊಗಸೆಲ್ಲ ಇರುವುದು ಆ ಎರಡು ಡಬ್ಬಿಗಳಿಗೆ ವೈರು ಕೊಡುವ ಬಗೆಯಲ್ಲಿ.

ಪ್ರತಿ ರಿಲೇಗೂ ಮೂರು ಬಾಯಿ: ನಡುವೆ ಕಾಮನ್, ಒಂದು ಪಕ್ಕ ಎನ್‌ಸಿ, ಇನ್ನೊಂದು ಪಕ್ಕ ಎನ್‌ಒ. ರಿಲೇ ಸುಮ್ಮನಿದ್ದಾಗ ಕಾಮನ್ ಎನ್‌ಸಿಯ ಜೊತೆ, ಎಳೆದಾಗ ಎನ್‌ಒ ಜೊತೆ. ಮೋಟಾರಿನ ಒಂದು ತುದಿಯನ್ನು ಮೊದಲ ರಿಲೇಯ ಕಾಮನ್ನಿಗೆ, ಇನ್ನೊಂದನ್ನು ಎರಡನೆಯದರ ಕಾಮನ್ನಿಗೆ ಕೊಡಿ. ಎರಡೂ ಎನ್‌ಸಿಗಳಿಗೆ ನೆಗೆಟಿವ್, ಎರಡೂ ಎನ್‌ಒಗಳಿಗೆ ಪಾಸಿಟಿವ್. ಮುಗಿಯಿತು.

ಈಗ ನೋಡಿ. ಮೊದಲ ರಿಲೇ ಎಳೆದರೆ ಮೋಟಾರು ಒಂದು ಕಡೆಗೆ, ಎರಡನೆಯದು ಎಳೆದರೆ ಇನ್ನೊಂದು ಕಡೆಗೆ. ಯಾವುದೂ ಎಳೆಯದಿದ್ದಾಗ ಎರಡೂ ತುದಿ ನೆಗೆಟಿವ್‌ನಲ್ಲಿ ಕೂಡುತ್ತವೆ. ತಿರುಗುತ್ತಿದ್ದ ಮೋಟಾರು ತಾನೇ ಡೈನಮೋ ಆಗಿ, ತನ್ನ ಕರೆಂಟನ್ನು ತಾನೇ ನುಂಗಿ ಗಕ್ಕನೆ ನಿಲ್ಲುತ್ತದೆ. ಬ್ರೇಕು ಪುಕ್ಕಟೆ. ಎರಡೂ ಒಟ್ಟಿಗೆ ಎಳೆದರೆ? ಎರಡೂ ತುದಿ ಪಾಸಿಟಿವ್‌ಗೆ ಹೋಗುತ್ತವೆ, ಆಗಲೂ ಮೋಟಾರು ನಿಲ್ಲುತ್ತದೆ. ಎಲ್ಲೂ ಶಾರ್ಟ್ ಇಲ್ಲ. ಮೊದಲ ದಿನವೇ ಅಮ್ಮ ಎರಡೂ ಗುಂಡಿ ಒತ್ತಿ ಹಿಡಿದು, “ಏನೂ ಆಗ್ಲಿಲ್ವಲ್ಲೋ, ಕೆಟ್ಟೋಯ್ತಾ?” ಎಂದಳು. ಕೆಟ್ಟಿರಲಿಲ್ಲ. ಬಳಸುವವರು ತಪ್ಪು ಮಾಡಿದರೂ ಸುಡದ ಜೋಡಣೆಯೇ ಒಳ್ಳೆಯ ಜೋಡಣೆ ಎನ್ನುವವನು ನಾನು. ಕಾರಿನ ಪವರ್ ವಿಂಡೋ ಸ್ವಿಚ್ಚಿನಲ್ಲೂ ಸಾಮಾನ್ಯವಾಗಿ ಇದೇ ಉಪಾಯ ಇರುತ್ತದೆ.

ಸುಡಿಸಿಕೊಂಡದ್ದು ನಾನು, ಬೇರೆ ಕಡೆ. ಮೋಟಾರಿಗೆ ಅಡ್ಡಲಾಗಿ ಡಯೋಡ್ ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ, ಕೈ ರೂಢಿಯಿಂದ ಹಾಕಿಬಿಟ್ಟೆ. ಒಂದೇ ದಿಕ್ಕಿಗೆ ತಿರುಗುವ ಮೋಟಾರಿಗೆ ಆ ಮಾತು ಸರಿ. ಎರಡೂ ದಿಕ್ಕಿಗೆ ತಿರುಗಬೇಕಾದದ್ದಕ್ಕೆ ಅದು ವಿಷ: ಪರದೆ ತೆರೆಯುವಾಗ ಸುಮ್ಮನಿದ್ದ ಡಯೋಡು ಮುಚ್ಚುವಾಗ ನೇರ ಶಾರ್ಟ್ ಆಗಿ ಹೊಗೆಯಾಡಿತು. ಅಲ್ಲಿ ಇರಬೇಕಾದದ್ದು 104 ಎಂದು ಬರೆದಿರುವ ಚಿಕ್ಕ ಸೆರಾಮಿಕ್ ಕೆಪಾಸಿಟರ್, ಅಂದರೆ 0.1 ಮೈಕ್ರೋಫ್ಯಾರಡ್.

ಆ ಕೆಪಾಸಿಟರ್ ಯಾಕೆ ಅನ್ನುವುದು ನನಗೆ ತಿಳಿದದ್ದು ಬಿಕ್ಕಳಿಕೆಯಿಂದ. ಗುಂಡಿ ಒತ್ತಿ ಹಿಡಿದರೂ ಪರದೆ ಒಂದೊಂದೇ ಗೇಣು ಸರಿದು, ನಿಂತು, ಮತ್ತೆ ಸರಿಯುತ್ತಿತ್ತು. ರಿಲೇ ಟಕಟಕ ಟಕಟಕ. ಇದಕ್ಕೆ ಕಾರಣ ಎರಡಿರಬಹುದು. ಅಡಾಪ್ಟರ್ ಬಡಕಲಾಗಿದ್ದರೆ ಮೋಟಾರು ಹೊರಟ ಕೂಡಲೇ ವೋಲ್ಟೇಜ್ ಕುಸಿದು ರಿಲೇ ಕೈಬಿಡುತ್ತದೆ; ಕೈಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಇಲ್ಲವೇ ಮೋಟಾರಿನ ಬ್ರಷ್ಷಿನ ಕಿಡಿಯ ಗದ್ದಲದಲ್ಲಿ ರಿಸೀವರಿಗೆ ರಿಮೋಟಿನ ಕೂಗೇ ಕೇಳಿಸುವುದಿಲ್ಲ. ಮೋಟಾರು ನಿಂತರೆ ಕೇಳಿಸುತ್ತದೆ. ಲಕ್ಷಣ ಒಂದೇ, ಮದ್ದು ಬೇರೆ. ಮೀಟರ್ ಹಚ್ಚಿ ನೋಡಿ. 12 ಇದ್ದದ್ದು 7ಕ್ಕೋ 8ಕ್ಕೋ ಇಳಿದರೆ ಅಡಾಪ್ಟರ್ ಬದಲಿಸಿ. ಇಳಿಯದಿದ್ದರೆ ಮೋಟಾರಿನ ಎರಡು ಕಾಲಿಗೇ ಆ 104 ಅನ್ನು ಸೋಲ್ಡರ್ ಮಾಡಿ. ವೈರಿನ ಈ ತುದಿಯಲ್ಲಿ ಹಾಕಿದರೆ ಉಪಯೋಗ ಕಡಿಮೆ. ಮೋಟಾರಿನ ವೈರನ್ನು ಅಡಾಪ್ಟರಿನಿಂದಲೇ ಬೇರೆಯಾಗಿ ಎಳೆದು ತನ್ನಿ, ರಿಸೀವರಿನ ಸಪ್ಲೈಯಿಂದ ಕದಿಯಬೇಡಿ. ನನ್ನ ವಿಷಯದಲ್ಲಿ ಎರಡೂ ಕಾಯಿಲೆ ಒಟ್ಟಿಗೇ ಇದ್ದವು, ಹಾಗಾಗಿ ಒಂದು ಭಾನುವಾರ ಪೂರ್ತಿ ಹೋಯಿತು.

ಲಿಮಿಟ್ ಸ್ವಿಚ್ಚು ಇಲ್ಲದೆ ಇಂಥದ್ದನ್ನು ಗೋಡೆಗೇರಿಸಬೇಡಿ. ಪರದೆ ಕೊನೆ ಮುಟ್ಟಿದ ಮೇಲೂ ಗುಂಡಿ ಒತ್ತಿದ್ದರೆ ಮೋಟಾರು ಉಸಿರುಗಟ್ಟಿ ಕಾಯುತ್ತದೆ. ಎರಡು ಕೊನೆಗಳಲ್ಲಿ ಒಂದೊಂದು ಸ್ವಿಚ್ಚಿಟ್ಟು, ಎರಡನ್ನೂ ಎನ್‌ಸಿ ಮೂಲಕ ಮೋಟಾರಿನ ವೈರಿನಲ್ಲಿ ಸಾಲಾಗಿ ಸೇರಿಸಿ, ಒಂದೊಂದರ ಬೆನ್ನಿಗೂ ಒಂದು ಡಯೋಡ್ ಕಟ್ಟಿ. ಸ್ವಿಚ್ಚು ಬಿಟ್ಟುಕೊಂಡಾಗ ಡಯೋಡು ಮುಂದಕ್ಕೆ ಹೋಗಲು ಬಿಡದೆ, ಹಿಂದಕ್ಕೆ ಬರಲು ಮಾತ್ರ ದಾರಿ ಕೊಡಬೇಕು. 3 ಆಂಪಿಯರ್ ತಾಳುವ 1ಎನ್5408 ನನ್ನ ಆಯ್ಕೆ.

ಬೋರ್ಡು ಕೊಳ್ಳುವಾಗ ಚಿಪ್ಪಿನ ಮೇಲಿನ ಬರಹ ಓದಿ. ಪಿಟಿ2272ರ ಮುಂದೆ ಎಂ4 ಇದ್ದರೆ ಒತ್ತಿದಷ್ಟು ಹೊತ್ತು ಮಾತ್ರ ಕೆಲಸ. ಎಲ್4 ಇದ್ದರೆ ಇನ್ನೊಂದು ಗುಂಡಿ ಒತ್ತುವ ತನಕ ಹಿಡಿದೇ ಇರುತ್ತದೆ. ಪರದೆಗೆ ಎಂ4 ಸಾಕು. ರಿಮೋಟಿನಲ್ಲೂ ರಿಸೀವರಿನಲ್ಲೂ ಎಂಟು ವಿಳಾಸದ ಕಾಲುಗಳಿರುತ್ತವೆ. ಅಂಗಡಿಯಿಂದ ಬರುವಾಗ ಅವು ಸಾಮಾನ್ಯವಾಗಿ ಯಾವುದಕ್ಕೂ ಸೇರದೆ ತೇಲುತ್ತಿರುತ್ತವೆ. ಹಾಗೇ ಬಿಟ್ಟರೆ ಪಕ್ಕದ ಮನೆಯವರು ತಂದ ಅದೇ ಜಾತಿಯ ರಿಮೋಟಿಗೆ ನಿಮ್ಮ ಪರದೆ ತೆರೆದುಕೊಳ್ಳುತ್ತದೆ. ಪ್ರತಿ ಕಾಲನ್ನೂ ಎಚ್‌ಗೆ (ಪಾಸಿಟಿವ್), ಎಲ್‌ಗೆ (ನೆಗೆಟಿವ್) ಸೇರಿಸಬಹುದು, ಇಲ್ಲವೇ ಹಾಗೇ ಬಿಡಬಹುದು. ಒಟ್ಟು 6,561 ಬಗೆ. ಎರಡೂ ಕಡೆ ಒಂದೇ ರೀತಿ ಇರಲಿ. ಆಂಟೆನಾ ಇಲ್ಲದಿದ್ದರೆ 17.3 ಸೆಂಟಿಮೀಟರ್ ವೈರು ಕತ್ತರಿಸಿ ನೆಟ್ಟಗೆ ನಿಲ್ಲಿಸಿ. ಅದು ಆ ಅಲೆಯ ಕಾಲು ಭಾಗ.

ಇದನ್ನು ಓದಿ ಅಂಗಡಿಯ ರೋಲಿಂಗ್ ಶಟರಿಗೂ ಹಚ್ಚೋಣ ಎಂದು ಯಾರಿಗಾದರೂ ಅನ್ನಿಸಿದರೆ, ಬೇಡ. ಸಿಂಗಲ್ ಫೇಸಿನ 230 ವೋಲ್ಟ್ ಮೋಟಾರಿನಲ್ಲಿ ಎರಡು ವೈರು ಅದಲುಬದಲು ಮಾಡಿದ ಮಾತ್ರಕ್ಕೆ ದಿಕ್ಕು ಬದಲಾಗುವುದಿಲ್ಲ. ಅಲ್ಲಿಗೆ ಎಲೆಕ್ಟ್ರಿಷಿಯನ್ನನ್ನೇ ಕರೆಸಿ.