ಅಲೆಯ ಮೇಲಿನ ಅನಾಮಿಕರು

ನಂಜನಗೂಡಿನ ಕಪಿಲೆಯಲ್ಲಿಯೂ ತಿರುಮಕೂಡಲು ನರಸೀಪುರದ ಸಂಗಮದಲ್ಲಿಯೂ ಹರಿಗೋಲು ಹಾಯಿಸುವ ಅಂಬಿಗನ ಶ್ರಮವನ್ನು ಬಲ್ಲವರು ನೋಡಬೇಕಾದ ಮುದ್ರಣಚಿತ್ರವೊಂದಿದೆ. ಬ್ರಿಟಿಷ್ ಕಲಾವಿದ ಥಾಮಸ್ ಡೇನಿಯಲ್ ಮತ್ತು ಆತನ ಸೋದರನ ಮಗ ವಿಲಿಯಂ 1797ರಲ್ಲಿ ಪ್ರಕಟಿಸಿದ, ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಆಗ್ನೇಯ ನೋಟವೇ ಅದು. ತಾಮ್ರಫಲಕವನ್ನು ಆಮ್ಲದಿಂದ ಕೊರೆದು ಅಚ್ಚೊತ್ತಿ, ಬಳಿಕ ಕೈಯಿಂದ ಬಣ್ಣ ತುಂಬಿದ ಕೃತಿ.

ಶೀರ್ಷಿಕೆ ಹೆಸರಿಸುವುದು ಕೋಟೆಯನ್ನು. ಆದರೆ ಕೋಟೆ ಹಿನ್ನೆಲೆಯಲ್ಲಿದೆ. ಮುಂದೆ ಇರುವುದು ಉಕ್ಕುವ ಅಲೆ, ದೋಣಿಯವರು. ಆಗ ಮದರಾಸಿಗೆ ಸುರಕ್ಷಿತ ಬಂದರಿರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಮೊಳೆಯಿಲ್ಲದೆ ನಾರಿನ ಹುರಿಯಿಂದ ಹಲಗೆ ಹೊಲಿದ ಮಸೂಲಾ ದೋಣಿಗಳೇ ಜನರನ್ನೂ ಸರಕನ್ನೂ ದಡ ಸೇರಿಸುತ್ತಿದ್ದವು. ಈ ನಿತ್ಯದ ದುಡಿಮೆಯನ್ನು ಮುಂದಿಟ್ಟಿರುವುದು ಕೃತಿಯ ಪ್ರಾಮಾಣಿಕತೆ. ಅದರ ದೋಷವೂ ಇಲ್ಲಿಯೇ ಇದೆ: ಅಲೆಯ ಚೆಲುವಿನಲ್ಲಿ ಅಪಾಯ ಕರಗಿಹೋಗಿದೆ, ಹುಟ್ಟು ಹಾಕುವವರು ದೃಶ್ಯದ ಅಲಂಕಾರವಾಗಿದ್ದಾರೆ, ಅವರಿಗೆ ಹೆಸರಿಲ್ಲ.

ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಉಳಿದಿದೆ. ಅಲ್ಲಿ ದುಡಿದ ಕೈಗೆ ದೊರೆತ ಮನ್ನಣೆ ಇಲ್ಲಿ ದೊರೆಯಲಿಲ್ಲ. ಚಿತ್ರವನ್ನು ಮೆಚ್ಚುವವರು ಈ ಕೊರತೆಯನ್ನೂ ಕಾಣಬೇಕು. ದಾನಿಯ ಹೆಸರನ್ನು ಕಲ್ಲಿನಲ್ಲಿ ಬರೆಸುವವರು ಆ ಕಲ್ಲನ್ನು ಕಡೆದವನನ್ನೂ ನೆನೆಯುವುದು ಧರ್ಮ.